ಎರಡು ದೇಶದ ಕೋಳಿ ಗೊಬ್ಬರ ಮತ್ತು ನಮ್ಮ ಅತ್ತಿಗೆ

ಕೋಳಿ ಗೊಬ್ಬರ ಎಂದ ಕೂಡಲೇ ಮೂಗು ಮುರಿಯುವವರನ್ನು ಕಂಡರೆ ನನಗಾಗುವುದಿಲ್ಲ. ಬೆಳಗ್ಗೆ ಎರಡು ಮೊಟ್ಟೆ ಒಡೆದು ಬಾಣಲೆಗೆ ಹಾಕುವಾಗ ಆ ಮೊಟ್ಟೆಯ ಹಿಂದೆ ಒಂದು ಕೋಳಿ ಇದೆ, ಆ ಕೋಳಿಯ ಹಿಂದೆ ಬೇರೆ ಏನೋ ಬೀಳುತ್ತಿರುತ್ತದೆ ಎಂಬುದು ಈ ಜನಕ್ಕೆ ನೆನಪೇ ಇರುವುದಿಲ್ಲ. ನಾನು ಇಪ್ಪತ್ತೆರಡು ವರ್ಷದಿಂದ ಮೊಟ್ಟೆ ಕೋಳಿ ಸಾಕಿಕೊಂಡು ಬಂದವನು. ಒಂದು ಶೆಡ್ಡು, ನಾಲ್ಕು ಸಾವಿರ ಕೋಳಿ. ನನ್ನ ಅಂಗಿಗೆ, ಸ್ಕೂಟರಿನ ಸೀಟಿಗೆ, ಕೊನೆಗೆ ನಮ್ಮ ಮದುವೆಯ ಆಲ್ಬಮ್ಮಿಗೂ ಆ ವಾಸನೆ ಅಂಟಿದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ನನಗಂತೂ ಗೊತ್ತಾಗುವುದಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಯಾರೂ ಕೂರದಿದ್ದರೆ ಆರಾಮಾಗಿ ಕಾಲು ಚಾಚಿಕೊಳ್ಳುತ್ತೇನೆ.

ಈ ವಾಸನೆಗೆ ಮರ್ಯಾದೆ ಕೊಟ್ಟವರು ನಾನು ಕಂಡಂತೆ ಒಬ್ಬರೇ. ಅವರು ನಮ್ಮ ಅತ್ತಿಗೆ, ನನ್ನ ಅಣ್ಣನ ಹೆಂಡತಿ. ಅವರು ಕೃಷಿ ಸಂಶೋಧನಾ ಕೇಂದ್ರದ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ತಂತ್ರಜ್ಞೆಯಾಗಿದ್ದರು. ಮಣ್ಣು, ಮೇವು, ಗೊಬ್ಬರ ಏನೇ ಬರಲಿ, ಅದರಲ್ಲಿ ಏನು ಎಷ್ಟಿದೆ ಎಂದು ಅಳೆದು ಹೇಳುವುದು ಅವರ ಕೆಲಸ. ಡಬ್ಬಿಯ ಮುಚ್ಚಳ ತೆಗೆದು ಒಮ್ಮೆ ಉಸಿರೆಳೆದರೆ ಸಾಕು, ಇದು ಎಷ್ಟು ದಿನದ ಗೊಬ್ಬರ, ನೀರು ತಗುಲಿದೆಯೋ ಇಲ್ಲವೋ, ಎಲ್ಲ ಹೇಳಿಬಿಡುತ್ತಿದ್ದರು. ಆಮೇಲೆ ಉಪಕರಣದಲ್ಲಿ ಅಳೆದಾಗಲೂ ಹೆಚ್ಚುಕಡಿಮೆ ಅದೇ ಬರುತ್ತಿತ್ತು. ಆದರೂ ಮೂಗಿನ ಲೆಕ್ಕವನ್ನು ಅವರು ಎಂದೂ ಬರೆದವರಲ್ಲ. ತಕ್ಕಡಿ ಹೇಳಿದ್ದನ್ನು ಮಾತ್ರ ಬರೆಯುತ್ತಿದ್ದರು. ಹಾಗಾಗಿ ಕೇಂದ್ರದ ಕಾವಲುಗಾರನಿಂದ ನಿರ್ದೇಶಕರವರೆಗೆ ಎಲ್ಲರ ಬಾಯಲ್ಲೂ ಅವರು ತಕ್ಕಡಿ ಅಕ್ಕ.

ಅವರ ಕೋಣೆ ನೆಲಮಹಡಿಯ ಉದ್ದನೆಯ ಮೊಗಸಾಲೆಯ ತುದಿಯಲ್ಲಿತ್ತು. ಅಲುಗಾಡಬಾರದೆಂದು ತಕ್ಕಡಿಯನ್ನು ದಪ್ಪ ಕಲ್ಲಿನ ಹಾಸಿನ ಮೇಲೆ, ಗಾಜಿನ ಗೂಡಿನೊಳಗೆ ಇಟ್ಟಿದ್ದರು. ಅದು ತೂಗುವಾಗ ಹತ್ತಿರ ನಿಂತು ಮಾತಾಡುವಂತಿಲ್ಲ, ಸೀನುವಂತಂತೂ ಇಲ್ಲವೇ ಇಲ್ಲ. ಕಿಟಕಿಯ ಪಕ್ಕ ಹೊಗೆ ಎಳೆದುಕೊಳ್ಳುವ ದೊಡ್ಡ ಗಾಜಿನ ಬೀರು. ಅದರ ಮುಂದೆ ಒಂದು ಕಾಲಿಗೆ ಮಡಚಿದ ರಟ್ಟು ಕೊಟ್ಟು ನಿಲ್ಲಿಸಿದ ಸ್ಟೂಲು. ಹೊಸ ಸ್ಟೂಲು ತರಿಸಿಕೊಡುತ್ತೇವೆ ಎಂದರೆ ಬೇಡ ಎಂದಿದ್ದರು, ಈ ರಟ್ಟಿನ ದಪ್ಪ ತಮ್ಮ ಬೆನ್ನಿಗೆ ಅಭ್ಯಾಸವಾಗಿದೆಯಂತೆ.

ಮನೆಯಲ್ಲೂ ಅವರು ಹಾಗೆಯೇ. ಮಕ್ಕಳು ಚಿಕ್ಕವರಿದ್ದಾಗ ಎರಡೂ ಮನೆಯ ಐದು ಮಕ್ಕಳಿಗೆ ಕೇಕ್ ಹಂಚುವ ಕೆಲಸ ಅತ್ತಿಗೆಯದೇ ಆಗಿತ್ತು. ಒಂದೊಂದು ತುಂಡನ್ನೂ ಅಡುಗೆಮನೆಯ ತಕ್ಕಡಿಯ ಮೇಲಿಟ್ಟು, ಚಾಕುವಿನ ತುದಿಯಲ್ಲಿ ಚೂರು ಕೆರೆದು, ಚೂರು ಸೇರಿಸಿ ಕೊಡುತ್ತಿದ್ದರು. ಇದರಿಂದಾಗಿ ನಮ್ಮ ಮಕ್ಕಳು ಕೇಕಿಗಾಗಿ ಒಮ್ಮೆಯೂ ಕಿತ್ತಾಡಲಿಲ್ಲ. ಕಿತ್ತಾಡಲು ಬೇರೆ ಸಾವಿರ ಕಾರಣ ಹುಡುಕಿಕೊಂಡರು, ಅದು ಬೇರೆ ಮಾತು. ಮದುವೆಗೆ ಮುಂಚೆ ತನ್ನನ್ನೂ ತೂಗಿ ನೋಡಿಯೇ ಒಪ್ಪಿಕೊಂಡಳು ಎಂದು ಅಣ್ಣ ಈಗಲೂ ಹೇಳುತ್ತಾನೆ. ಅವನು ಬಸ್ ಡಿಪೋದಲ್ಲಿ ಟೈರ್ ಬದಲಿಸುವವನು. ತೂಕಕ್ಕೇನೂ ಕಡಿಮೆ ಇಲ್ಲ.

ಅತ್ತಿಗೆಗೆ ನಿವೃತ್ತಿಗೆ ಒಂದು ವರ್ಷ ಇದ್ದಾಗ ಈ ಕಥೆ ಶುರುವಾಯಿತು. ಕೇಂದ್ರದ ವಿಜ್ಞಾನಿ ಮೇಡಂ ಒಬ್ಬರು ಆಚೆಯ ದೇಶದ ಒಂದು ಪ್ರಯೋಗಾಲಯದ ಜೊತೆ ಸೇರಿ ಹೊಸ ಅಧ್ಯಯನ ಹಿಡಿದರು. ಕೋಳಿ ತಿಂದ ಮೇವಿನ ಸಾರಜನಕದಲ್ಲಿ ಹೆಚ್ಚಿನ ಪಾಲು ಹಿಕ್ಕೆಯಲ್ಲೇ ಹೊರಬರುತ್ತದೆ. ಅದು ಹೊಲ ಸೇರಿದರೆ ಬೆಳೆಗೆ ಊಟ. ರಾಶಿಯಲ್ಲೇ ಕೂತರೆ ಅಮೋನಿಯಾ ಆಗಿ ಗಾಳಿಗೆ ಹಾರಿಹೋಗುತ್ತದೆ. ಶೆಡ್ಡಿನಲ್ಲಿ ನಮ್ಮ ಕಣ್ಣು ಉರಿಯುವುದು ಅದರಿಂದಲೇ. ಹೀಗೆ ಹಾರಿಹೋಗುವ ಸಾರಜನಕ ನಮ್ಮ ದೇಶದಲ್ಲಿ ಎಷ್ಟು, ಆ ದೇಶದಲ್ಲಿ ಎಷ್ಟು ಎಂದು ಹೋಲಿಸಿ ನೋಡಬೇಕಿತ್ತು. ಇಲ್ಲಿ ಹನ್ನೆರಡು ಶೆಡ್ಡು, ಅಲ್ಲಿ ಹನ್ನೆರಡು. ಪ್ರತಿ ಶೆಡ್ಡಿನಲ್ಲಿ ಒಂದು ರಾಶಿ. ಮೊದಲ ದಿನ ರಾಶಿಯನ್ನು ತೂಗಿ ಮಾದರಿ ತೆಗೆಯುವುದು, ತೊಂಬತ್ತು ದಿನ ಎಂದಿನಂತೆ ಬಿಡುವುದು, ಮತ್ತೆ ತೂಗಿ ಮಾದರಿ ತೆಗೆಯುವುದು. ಮೊದಲು ಇದ್ದದ್ದರಲ್ಲಿ ಕೊನೆಗೆ ಉಳಿದದ್ದನ್ನು ಕಳೆದರೆ ನಷ್ಟ ಸಿಕ್ಕಿತು.

ಅಳೆಯುವವರು ಇಲ್ಲಿ ಅತ್ತಿಗೆ. ಅಲ್ಲಿ ಒಬ್ಬ ಗಡ್ಡದ ಮನುಷ್ಯ. ವಾರಕ್ಕೊಮ್ಮೆ ಇಬ್ಬರೂ ಕಂಪ್ಯೂಟರಿನ ಪರದೆಯ ಮೇಲೆ ಮುಖಾಮುಖಿ ಕೂರುತ್ತಿದ್ದರು. ಇವರ ಭಾಷೆ ಅವರಿಗೆ ಬಾರದು, ಅವರದು ಇವರಿಗೆ ಬಾರದು. ಅಂಕಿಗಳಲ್ಲೇ ಮಾತುಕತೆ. ಆತ ಮೊದಲ ದಿನವೇ ಕ್ಯಾಮೆರಾ ತಿರುಗಿಸಿ ತನ್ನ ತಕ್ಕಡಿ ತೋರಿಸಿದನಂತೆ. ಅದರ ಗಾಜಿನ ಮೇಲೆ ಒಂದು ಧೂಳಿನ ಕಣವೂ ಇರಲಿಲ್ಲ. ಅಂದಿನಿಂದ ಅತ್ತಿಗೆಯ ಬಾಯಲ್ಲಿ ಆತ ಗಡ್ಡದಣ್ಣ ಆದ.

ಮೇಡಂ ಒಂದು ಮಾತು ಕೊಟ್ಟಿದ್ದರು. ಅಧ್ಯಯನದ ಲೇಖನ ಅಚ್ಚಾಗುವಾಗ ಬರೆದವರ ಸಾಲಿನಲ್ಲಿ ಅತ್ತಿಗೆಯ ಹೆಸರೂ ಇರುತ್ತದೆ ಎಂದು. ಮೂವತ್ತೊಂದು ವರ್ಷ ಅವರು ಅಳೆದ ಅಂಕಿಗಳ ಮೇಲೆ ಎಷ್ಟೋ ಜನ ಡಾಕ್ಟರೇಟ್ ಪಡೆದಿದ್ದರು, ಲೇಖನದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಸಹಾಯಕ ಸಿಬ್ಬಂದಿಗೆ ವಂದನೆ ಎಂದು ಬರೆದು ಕೈತೊಳೆದುಕೊಂಡಿದ್ದರು. ಅತ್ತಿಗೆ ಅದನ್ನೆಲ್ಲ ತಲೆಗೆ ಹಚ್ಚಿಕೊಂಡವರಲ್ಲ, ಹಾಗೆಂದು ನಾವು ತಿಳಿದಿದ್ದೆವು. ಆದರೆ ಮೇಡಂ ಮಾತು ಕೊಟ್ಟ ದಿನ ಸಂಜೆ ಅವರು ಮನೆಗೆ ಬಂದು ಫ್ರಿಜ್ಜಿನ ಬಾಗಿಲಿನಿಂದ ಕ್ಯಾಲೆಂಡರ್ ತೆಗೆದು, ಅಂಟು ಉಜ್ಜಿ ಸ್ವಚ್ಛ ಮಾಡಿದರಂತೆ. ಒಂದು ಹಾಳೆ ಹಿಡಿಸುವಷ್ಟು ಜಾಗ. ಏನಕ್ಕೆ ಎಂದು ಅಣ್ಣ ಕೇಳಿದ್ದಕ್ಕೆ ಸುಮ್ಮನೆ ಎಂದರಂತೆ.

ನಮ್ಮ ಕಡೆಯ ಹನ್ನೆರಡು ಶೆಡ್ಡಿನವರ ಸಂಘಕ್ಕೆ ನಾನೇ ಅಧ್ಯಕ್ಷ. ಅಧ್ಯಕ್ಷ ಎಂದರೆ ಸಭೆಗೆ ಕುರ್ಚಿ ಜೋಡಿಸುವವನು, ಆಮೇಲೆ ಎತ್ತಿಡುವವನು. ಎರಡನೆಯ ಮಾದರಿ ತೆಗೆಯುವ ದಿನ ಹತ್ತಿರ ಬಂದಾಗ ಮೇಡಂ ಫೋನ್ ಮಾಡಿ, ಈ ಸಲ ಎಲ್ಲ ರಾಶಿಗಳ ಫೋಟೋ ತೆಗೆದು ಆಚೆ ದೇಶಕ್ಕೂ ಕಳಿಸುತ್ತೇವೆ ಎಂದರು. ಅಷ್ಟೇ ಸಾಕಾಯಿತು. ನಮ್ಮ ಶೆಡ್ಡನ್ನು ಪರದೇಶದವರು ನೋಡುತ್ತಾರೆ. ನೋಡಿ ನಗಬಾರದು. ಅದಕ್ಕಿಂತ ಹೆಚ್ಚಾಗಿ, ಮೊದಲ ಸಲ ಬಂದಾಗ ಅತ್ತಿಗೆ ನನ್ನ ರಾಶಿಯ ಮೇಲೆ ಬಗ್ಗಿ ಕೆಮ್ಮಿದ್ದನ್ನು, ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದ್ದೆ. ಅದು ನನ್ನ ಮನಸ್ಸಿನಲ್ಲಿ ಚುಚ್ಚುತ್ತಲೇ ಇತ್ತು. ಬೇರೆಯವರು ಮೂಗು ಮುಚ್ಚಿಕೊಂಡರೆ ನನಗೇನೂ ಇಲ್ಲ. ಅತ್ತಿಗೆ ನಮ್ಮ ಮನೆಗೆ ಬಂದು ಕಣ್ಣೀರು ಹಾಕಿಕೊಂಡು ಹೋಗಬಾರದು.

ನಮ್ಮಪ್ಪ ಹಿಂದೆ ಶೆಡ್ಡಿನ ನೆಲಕ್ಕೆ ಸುಣ್ಣ ಎರಚುತ್ತಿದ್ದರು. ಎರಡು ದಿನದಲ್ಲಿ ವಾಸನೆ ಅಡಗಿಹೋಗುತ್ತಿತ್ತು. ಅದು ನೆನಪಾಗಿ, ನಾಲ್ಕು ದಿನ ಮುಂಚೆ ರಾಶಿಯನ್ನು ಪೂರ್ತಿ ಮಗುಚಿ, ಪದರ ಪದರಕ್ಕೂ ಸುಣ್ಣದ ಪುಡಿ ಎರಚಿ, ಮತ್ತೆ ಮಗುಚಿ ಕೂಡಿಸಿದೆ. ಮೊದಲ ದಿನ ಹತ್ತು ಹೆಜ್ಜೆ ದೂರದಲ್ಲೂ ನಿಲ್ಲಲಾಗಲಿಲ್ಲ. ಕಣ್ಣಲ್ಲಿ ನೀರು ಧಾರಾಕಾರ. ಎರಡನೆಯ ದಿನ ತಡೆದುಕೊಳ್ಳಬಹುದಾಯಿತು. ನಾಲ್ಕನೆಯ ದಿನ ಅಲ್ಲಿ ಕೂತು ಟೀ ಕುಡಿಯಬಹುದಿತ್ತು, ಕುಡಿದೆ ಕೂಡ. ಮೊಟ್ಟೆ ಕೋಳಿಯ ಗೊಬ್ಬರದಲ್ಲಿ ಮೊದಲೇ ಬಿಳಿ ಚೂರುಗಳಿರುತ್ತವೆ, ಹಾಗಾಗಿ ಸುಣ್ಣ ಕಣ್ಣಿಗೆ ಬೀಳುವಂತಿರಲಿಲ್ಲ. ಇಷ್ಟು ಒಳ್ಳೆಯ ಉಪಾಯವನ್ನು ನಾನೊಬ್ಬನೇ ಇಟ್ಟುಕೊಳ್ಳಲಾದೀತೇ, ಅಧ್ಯಕ್ಷನಲ್ಲವೇ ನಾನು. ಮೊದಲ ದಿನವೇ ಉಳಿದ ಹನ್ನೊಂದು ಶೆಡ್ಡಿಗೂ ಫೋನ್ ಮಾಡಿ ಹೇಳಿದ್ದೆ. ಎಲ್ಲರೂ ಚಾಚೂ ತಪ್ಪದೆ ಮಾಡಿದರು. ಸಂಘದ ಇತಿಹಾಸದಲ್ಲಿ ನನ್ನ ಮಾತನ್ನು ಎಲ್ಲರೂ ಕೇಳಿದ್ದು ಅದೊಂದೇ ಸಲ.

ಅತ್ತಿಗೆ ಬಿಳಿ ಕೋಟು ತೊಟ್ಟು, ಉದ್ದನೆಯ ಕೊಳವೆಯಂಥ ಉಕ್ಕಿನ ಕೋಲು ಹಿಡಿದು, ಐಸ್ ಡಬ್ಬಿಯ ಜೊತೆ ಮೊದಲು ನನ್ನ ಶೆಡ್ಡಿಗೇ ಬಂದರು. ಕೋಲನ್ನು ರಾಶಿಗೆ ಚುಚ್ಚಿ ಎಳೆದರು. ಮೂಗಿನ ಹತ್ತಿರ ತಂದು ಉಸಿರೆಳೆದರು. ಇನ್ನೊಮ್ಮೆ ಎಳೆದರು.

"ಏನಪ್ಪ, ವಾಸನೆನೇ ಇಲ್ವಲ್ಲ?"

"ನಿಮ್ಮ ಮೈದುನ ಅಂದ್ರೆ ಸುಮ್ನೇನಾ ಅತ್ತಿಗೆ," ಎಂದೆ ನಾನು.

ಅವರು ನನ್ನ ಮುಖ ನೋಡಿದರು. ಏನೋ ಕೇಳಲು ಬಾಯಿ ತೆರೆದವರು ನಕ್ಕು ಸುಮ್ಮನಾದರು. ಹಿಂದೆ ನಿಂತಿದ್ದ ಮೇಡಂ ಕಡೆ ತಿರುಗಿ, ಇವನು ನನ್ನ ಮೈದುನ, ಶೆಡ್ಡು ಹೇಗಿಟ್ಟುಕೊಂಡಿದ್ದಾನೆ ನೋಡಿ ಎಂದರು. ನಾನು ಅಲ್ಲೇ ಎರಡು ಅಂಗುಲ ಎತ್ತರವಾದೆ. ಹೆಂಡತಿಗೆ ಆ ಮಾತನ್ನು ಆ ವಾರ ಆರು ಸಲ ಹೇಳಿದ್ದೇನೆ, ಅವಳು ಎಣಿಸಿದ್ದಾಳೆ.

ಮೂರು ವಾರಕ್ಕೆ ಅಂಕಿಗಳು ಬಂದವು. ಆ ದೇಶದಲ್ಲಿ ನೂರಕ್ಕೆ ಇಪ್ಪತ್ತೆಂಟು ಪಾಲು ಸಾರಜನಕ ನಷ್ಟ. ನಮ್ಮಲ್ಲಿ ಅರವತ್ತೊಂದು. ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರಂತೆ. ಇಷ್ಟು ಅಂತರ ಇರಲು ಸಾಧ್ಯವಿಲ್ಲ, ದಯವಿಟ್ಟು ನಿಮ್ಮ ಅಂಕಿಗಳನ್ನು ಪರಿಶೀಲಿಸಿ ಎಂದು ಆ ಕಡೆಯ ಮುಖ್ಯಸ್ಥರಿಂದ ಪತ್ರ ಬಂತು. ಬಹಳ ವಿನಯದ ಪತ್ರ. ಆದರೆ ಮೂವತ್ತೊಂದು ವರ್ಷದಲ್ಲಿ ತಕ್ಕಡಿ ಅಕ್ಕನ ಅಂಕಿಯೊಂದು ವಾಪಸ್ ಬಂದದ್ದು ಅದೇ ಮೊದಲು.

ಅತ್ತಿಗೆ ಎಲ್ಲ ಮಾದರಿಗಳನ್ನೂ ಮೊದಲಿನಿಂದ ಅಳೆದರು. ಅದೇ ಬಂತು. ಮೂರನೆಯ ಸಲ ಅಳೆದರು. ಮತ್ತೆ ಅದೇ. ನಿರ್ದೇಶಕರು ಒಳ್ಳೆಯವರೇ, ಆದರೆ ಅವರಿಗೆ ಜಗಳ ಎಂದರೆ ಭಯ. ಮಾದರಿಗಳನ್ನು ಬೇರೆ ಪ್ರಯೋಗಾಲಯಕ್ಕೆ ಕಳಿಸಿ, ಅವರ ಅಂಕಿಯನ್ನೇ ಲೇಖನಕ್ಕೆ ಹಾಕೋಣ ಎಂದರು. ಹಾಗಾದರೆ ಅತ್ತಿಗೆಯ ಹೆಸರು ಲೇಖನದಿಂದ ಹೋಗುತ್ತದೆ. ಹೆಸರು ಹೋಗುವುದಿರಲಿ, ಕೊನೆಗಾಲದಲ್ಲಿ ಕೈ ನಡುಗಿತು, ಲೆಕ್ಕ ತಪ್ಪಿತು ಎಂಬ ಮಾತು ಉಳಿಯುತ್ತದೆ. ಶುಕ್ರವಾರ ಎರಡೂ ದೇಶದವರು ಪರದೆಯ ಮೇಲೆ ಸೇರಿ ತೀರ್ಮಾನ ಮಾಡುವುದೆಂದಾಯಿತು.

ಅಣ್ಣ ಫೋನ್ ಮಾಡಿ, ಈ ವಾರ ಅಡುಗೆಗೆ ಎರಡು ಸಲ ಉಪ್ಪು ಬಿತ್ತು ಕಣೋ ಎಂದಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ಬುಧವಾರ ಒಂದು ಟ್ರೇ ಮೊಟ್ಟೆ ಹಿಡಿದುಕೊಂಡು ಪ್ರಯೋಗಾಲಯಕ್ಕೇ ಹೋದೆ. ಅತ್ತಿಗೆ ಬಾಡಿಹೋಗಿದ್ದರು. ನಾಲ್ಕನೆಯ ಸಲ ಅಳೆಯುತ್ತಿದ್ದರು. ನನ್ನನ್ನು ರಟ್ಟಿನ ಸ್ಟೂಲಿನ ಮೇಲೆ ಕೂರಿಸಿ, ನೋಡ್ತಾ ಇರು, ನನ್ನ ಕೈ ಎಲ್ಲಾದರೂ ತಪ್ಪಿದರೆ ಹೇಳು ಎಂದರು. ನನಗೇನು ಗೊತ್ತಾಗುತ್ತದೆ, ಆದರೂ ಕಣ್ಣು ಮಿಟುಕಿಸದೆ ನೋಡಿದೆ.

ಗೊಬ್ಬರವನ್ನು ಆಸಿಡ್‌ನಲ್ಲಿ ಗಂಟೆಗಟ್ಟಲೆ ಕುದಿಸಿ ಇಟ್ಟಿದ್ದರು. ಕೊಳವೆಯಲ್ಲಿ ತಿಳಿನೀರಿನಂಥ ದ್ರವ, ವಾಸನೆಯ ಸುಳಿವೂ ಇಲ್ಲ. ಸಾರಜನಕವನ್ನೆಲ್ಲ ಆಸಿಡ್ ಹಿಡಿದಿಟ್ಟುಕೊಂಡಿದೆ ಎಂದು ವಿವರಿಸಿದರು. ಆಮೇಲೆ ಬೇರೊಂದು ಬಾಟಲಿ ಎತ್ತಿಕೊಂಡರು.

"ಈಗ ಕ್ಷಾರ ಹಾಕ್ತೀನಿ ನೋಡು. ಇದು ಬಿದ್ರೆ ಸಾಕು, ಹಿಡಿದಿಟ್ಟಿದ್ದೆಲ್ಲಾ ಅಮೋನಿಯಾ ಆಗಿ ಎದ್ದು ಹೊರಟುಬಿಡತ್ತೆ. ಅದನ್ನ ಆ ಕಡೆ ಗ್ಲಾಸಲ್ಲಿ ಹಿಡ್ಕೊಂಡು ಅಳೀತೀನಿ."

ದ್ರವ ಕುದಿಯಿತು, ಆವಿ ಕೊಳವೆ ಹಿಡಿದು ಹೋಯಿತು, ಆಚೆಯ ಗ್ಲಾಸಿನಲ್ಲಿದ್ದ ಕೆಂಪು ನೀರು ನೋಡುತ್ತಿದ್ದಂತೆ ಹಸಿರಾಯಿತು. ಚೆನ್ನಾಗಿತ್ತು. ಮಾತಿಗೆ ಮಾತು ಇರಲಿ ಎಂದು, ಕ್ಷಾರ ಅಂದರೆ ಏನು ಅತ್ತಿಗೆ ಎಂದು ಕೇಳಿದೆ.

"ಸುಣ್ಣದ ಜಾತಿದೇ. ಇದು ಸ್ವಲ್ಪ ಜೋರು, ಅಷ್ಟೇ."

ಮೊದಲ ದಿನ ಶೆಡ್ಡಿನಲ್ಲಿ ಕಣ್ಣು ಬಿಡಲಾಗದಂತೆ ಎದ್ದದ್ದು ಏನು, ನಾಲ್ಕನೆಯ ದಿನ ವಾಸನೆ ಇಲ್ಲದೇ ಹೋದದ್ದು ಯಾಕೆ, ಎಲ್ಲ ಒಟ್ಟಿಗೇ ತಲೆಗೆ ಹತ್ತಿತು. ವಾಸನೆ ಅಡಗಿರಲಿಲ್ಲ. ಖಾಲಿಯಾಗಿತ್ತು. ಹನ್ನೆರಡು ಶೆಡ್ಡಿನ ಸಾರಜನಕವನ್ನು ನಾನು ಫೋನಿನಲ್ಲೇ ಗಾಳಿಗೆ ಹಾರಿಸಿದ್ದೆ. ಅತ್ತಿಗೆಯ ಅಂಕಿ ತಪ್ಪಿರಲಿಲ್ಲ, ಅರವತ್ತೊಂದು ಎಂದರೆ ಅರವತ್ತೊಂದೇ. ಕೋಳಿಗೆ ನೀರು ಹಾಕುವ ಹೊತ್ತಾಯಿತು ಎಂದು ಏನೋ ತೊದಲಿ ಹೊರಬಿದ್ದೆ. ಹೆಲ್ಮೆಟ್ಟನ್ನು ಅಲ್ಲೇ ಬಿಟ್ಟು ಬಂದದ್ದು ಮನೆ ಮುಟ್ಟಿದ ಮೇಲೆ ತಿಳಿಯಿತು.

ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಇದನ್ನು ಮುಚ್ಚಿಟ್ಟು ನಾನೇನೋ ದೊಡ್ಡ ಮನುಷ್ಯ ಎಂಬಂತೆ ಬರೆಯಬಹುದು, ಆದರೆ ಈ ಕಥೆ ಓದುವವರಲ್ಲಿ ನನ್ನ ಹೆಂಡತಿಯೂ ಒಬ್ಬಳು. ಅವಳ ಮುಂದೆ ಎಲ್ಲ ಒದರಿದೆ. ಅವಳು ಒಗೆದ ಬಟ್ಟೆ ಮಡಚುತ್ತಲೇ, "ಹೇಳಿದ್ರೆ ನಿಮಗೆ ಬೈತಾರೆ, ಹೇಳ್ದಿದ್ರೆ ಅಕ್ಕನಿಗೆ ಬೈತಾರೆ. ಯಾವುದು ವಾಸಿ ಅಂತ ನೀವೇ ನೋಡಿ," ಎಂದಳು. ಪಕ್ಕದ ಶೆಡ್ಡಿನವನಿಗೆ ಹೇಳಿದರೆ ಅವನು ಬಾಯಿಗೆ ಬೀಗ ಹಾಕಿಕೊಂಡಿರು ಎಂದ. ಎರಡು ದೇಶದ ಮುಂದೆ ಸಂಘದ ಮಾನ ಹೋಗುತ್ತದೆ, ನಿನ್ನ ಅತ್ತಿಗೆ ಹೇಗೂ ನಿವೃತ್ತಿ ಆಗುವವರು ಎಂದ. ನಾಚಿಕೆಯಾಗುತ್ತದೆ ಹೇಳಲು, ಅವನ ಮಾತು ನನಗೆ ಸರಿ ಎನ್ನಿಸಿತ್ತು. ಶುಕ್ರವಾರ ಬೆಳಗಿನವರೆಗೂ ಸರಿ ಎನ್ನಿಸುತ್ತಲೇ ಇತ್ತು. ಕೋಳಿಗಳ ಮೇಲೆ ವಿನಾಕಾರಣ ರೇಗುತ್ತಿದ್ದೆ, ಅವು ಕೂಡ ನನ್ನನ್ನು ಒಂಥರಾ ನೋಡುತ್ತಿದ್ದವು.

ಶುಕ್ರವಾರ ಒಂಬತ್ತಕ್ಕೆ ಮೇವು ಹಾಕುತ್ತಿದ್ದಾಗ ಅಣ್ಣನ ಫೋನು ಬಂತು. ಹಲೋ ಕೂಡ ಹೇಳದೆ ಶುರು ಮಾಡಿದ. ಬೆಳಗ್ಗೆ ಎದ್ದು ನೋಡಿದರೆ ಅತ್ತಿಗೆ ಹೊರಡುವ ಮೊದಲು ಹಳೆಯ ಕ್ಯಾಲೆಂಡರನ್ನು ಮತ್ತೆ ಫ್ರಿಜ್ಜಿಗೆ ಅಂಟಿಸಿ ಹೋಗಿದ್ದರಂತೆ.

ಮೇವಿನ ಬಕೆಟ್ಟನ್ನು ಅಲ್ಲೇ ಇಟ್ಟು ಸ್ಕೂಟರ್ ಹತ್ತಿದೆ. ರಬ್ಬರ್ ಬೂಟನ್ನೂ ಕಳಚಲಿಲ್ಲ. ಕೇಂದ್ರದ ಹೊಳೆಯುವ ನೆಲದ ಮೇಲೆ ನನ್ನ ಬೂಟಿನ ಗುರುತು ಬಾಗಿಲಿನಿಂದ ಮೊಗಸಾಲೆಯ ತುದಿಯವರೆಗೆ ಸಾಲಾಗಿ ಬಿತ್ತು. ಅತ್ತಿಗೆ ಕಡತ ಎದೆಗವಚಿಕೊಂಡು ಸಭೆಯ ಕೋಣೆಗೆ ಹೊರಟಿದ್ದರು. ಅಡ್ಡ ನಿಂತು, ಉಸಿರು ಬಿಡದೆ, ಸುಣ್ಣದ ವಿಷಯ ಪೂರ್ತಿ ಹೇಳಿದೆ. ನಾನೇ ಮಾಡಿದ್ದು, ನಾನೇ ಎಲ್ಲರಿಗೂ ಹೇಳಿಕೊಟ್ಟದ್ದು, ನಿಮ್ಮ ಕಣ್ಣು ಉರಿಯಬಾರದು ಅಂತ ಮಾಡಿದ್ದು ಎಂದೆ. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ.

"ಎಷ್ಟು ಕೆಜಿ?" ಎಂದರು ಅತ್ತಿಗೆ.

"ಆಂ?"

"ಸುಣ್ಣ ಎಷ್ಟು ಕೆಜಿ ಹಾಕ್ದೆ?"

"ನಾಲ್ಕು ಚೀಲ."

"ಚೀಲ ಅಂದ್ರೆ ಎಷ್ಟು? ತೂಗಿದ್ಯಾ?"

ತೂಗಿರಲಿಲ್ಲ. ಅತ್ತಿಗೆಗೆ ಸಿಟ್ಟು ಬಂದದ್ದು ಆಗ. ಸುಣ್ಣ ಹಾಕಿದ್ದಕ್ಕಲ್ಲ, ತೂಗದೆ ಹಾಕಿದ್ದಕ್ಕೆ. ಎರಡು ನಿಮಿಷ ಚೆನ್ನಾಗಿ ಬೈಸಿಕೊಂಡೆ, ಹಿತವಾಗಿತ್ತು. ಹಾಗಾದರೆ ನಾನು ಹೊರಡಲೇ ಎಂದು ಮೆಲ್ಲಗೆ ಕೇಳಿದೆ.

"ಎಲ್ಲಿಗೆ? ನನ್ನ ಹತ್ರ ಹೇಳಿದ್ರೆ ಸಾಕಾಗಲ್ಲ. ಬಾ ಒಳಗೆ."

ಸಭೆಯ ಕೋಣೆಯಲ್ಲಿ ನಿರ್ದೇಶಕರು, ಮೇಡಂ, ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಆಚೆ ದೇಶದ ಐದಾರು ಜನ. ಗಡ್ಡದಣ್ಣ ಒಂದು ಮೂಲೆಯಲ್ಲಿದ್ದ. ನಾನು ಬೂಟು ಹಾಕಿಕೊಂಡೇ ನಿಂತು ಮತ್ತೆ ಮೊದಲಿನಿಂದ ಹೇಳಿದೆ. ಮೇಡಂ ಅದನ್ನು ಅವರ ಭಾಷೆಗೆ ತಿರುಗಿಸುತ್ತಾ ಹೋದರು. ಎಲ್ಲ ಮುಗಿದ ಮೇಲೆ ಪರದೆಯಲ್ಲಿದ್ದವರು ಒಬ್ಬೊಬ್ಬರಾಗಿ ನಗತೊಡಗಿದರು. ನಿರ್ದೇಶಕರು ಹಣೆ ಒತ್ತಿಕೊಳ್ಳುತ್ತಿದ್ದರು. ಗಡ್ಡದಣ್ಣ ಮಾತ್ರ ನಗಲಿಲ್ಲ, ಗಡ್ಡ ಕೆರೆದುಕೊಳ್ಳುತ್ತಾ ಯೋಚಿಸುತ್ತಿದ್ದ. ಕೊನೆಗೆ ತನಗೆ ಎರಡು ದಿನ ಬೇಕು, ತಮ್ಮ ಶೆಡ್ಡಿನವರನ್ನೂ ಒಂದು ಮಾತು ಕೇಳಬೇಕು ಎಂದ.

ಸೋಮವಾರ ಅವನ ಉತ್ತರ ಬಂತು. ಅಲ್ಲಿನ ಹನ್ನೆರಡು ಶೆಡ್ಡಿನಲ್ಲಿ ಒಂಬತ್ತರವರು, ಮೊದಲ ಮಾದರಿ ತೆಗೆದ ಮರುದಿನವೇ ರಾಶಿಗೆ ಹೊಸ ಪ್ಲಾಸ್ಟಿಕ್ ಹೊದಿಕೆ ಬಿಗಿದು ಕಟ್ಟಿದ್ದರಂತೆ. ಎಂದೂ ಹಾಗೆ ಕಟ್ಟುವವರಲ್ಲ. ಮತ್ತೆ ಜನ ನೋಡಲು ಬರುತ್ತಾರೆ, ಅಷ್ಟರಲ್ಲಿ ರಾಶಿ ಕೆದರಿಹೋಗದೆ ಲಕ್ಷಣವಾಗಿರಲಿ ಎಂದು ಕಟ್ಟಿದ್ದು. ತೊಂಬತ್ತು ದಿನ ಮುಚ್ಚಿಟ್ಟ ರಾಶಿಯಿಂದ ಅಮೋನಿಯಾ ಎಲ್ಲಿಂದ ಹಾರಬೇಕು. ಮಾದರಿ ತೆಗೆಯುವವರು ಬರುವ ಮೊದಲೇ ಹೊದಿಕೆ ಬಿಚ್ಚಿ, ಮಡಚಿ, ಒಳಗಿಟ್ಟಿದ್ದರಂತೆ. ಮೇಡಂ ಇದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾವು ಹೋಲಿಸಿದ್ದು ಸಾರಜನಕವನ್ನಲ್ಲ, ಎರಡು ದೇಶದವರ ನಾಚಿಕೆಯನ್ನು ಎಂದರು. ಅಲ್ಲೂ ನನ್ನಂಥವನೊಬ್ಬ ಅಧ್ಯಕ್ಷ ಇದ್ದಾನೆ ಎಂದು ತಿಳಿದು ನನಗೆ ಬಹಳ ಸಮಾಧಾನವಾಯಿತು.

ಎರಡೂ ಕಡೆ ತಪ್ಪಿದ್ದರಿಂದ ನಿರ್ದೇಶಕರಿಗೆ ಜಗಳದ ಭಯ ಹೋಯಿತು. ಹೊಸ ರಾಶಿ ಹಾಕಿ ಮತ್ತೆ ಮಾಡಿ ಎಂದರು. ತೊಂಬತ್ತು ದಿನ ರಾಶಿಗೆ, ಮೂರು ವಾರ ಅಳೆಯಲು. ಅತ್ತಿಗೆಯ ನಿವೃತ್ತಿಗೆ ಉಳಿದಿದ್ದದ್ದು ನಾಲ್ಕು ತಿಂಗಳು. ಒಂದು ವಾರ ಆಚೀಚೆ ಆದರೂ ಕೊನೆಯ ಅಂಕಿಯನ್ನು ಬೇರೆ ಯಾರೋ ಬರೆಯಬೇಕಾಗುತ್ತಿತ್ತು.

ಆ ತೊಂಬತ್ತು ದಿನ ನಾನು ರಾಶಿಯ ಕಡೆ ಸುಳಿಯಲಿಲ್ಲ. ಶೆಡ್ಡಿನಲ್ಲಿದ್ದ ಸುಣ್ಣದ ಚೀಲವನ್ನು ಮನೆಯ ಮಂಚದ ಕೆಳಗೆ ತಳ್ಳಿ ಹೆಂಡತಿಯನ್ನು ಕಾವಲಿಗೆ ಇಟ್ಟೆ. ಹನ್ನೊಂದು ಶೆಡ್ಡಿಗೂ ವಾರಕ್ಕೊಮ್ಮೆ ಹೋಗಿ, ಗೊಬ್ಬರ ನಾರುತ್ತಿದೆಯೇ ಎಂದು ವಿಚಾರಿಸಿ ಬರುತ್ತಿದ್ದೆ. ನಾರುತ್ತಿದೆ ಎಂದರೆ ಬೆನ್ನು ತಟ್ಟುತ್ತಿದ್ದೆ. ಇಂಥ ತಪಾಸಣೆ ಮಾಡಿದ ಅಧ್ಯಕ್ಷ ಬೇರೆಲ್ಲೂ ಇರಲಾರ.

ಕೊನೆಯ ದಿನ ಅತ್ತಿಗೆ ಬಂದರು. ಮೊದಲು ಚೀಟಿ ತೆಗೆದು, ಈ ರಾಶಿಗೆ ಏನಾದರೂ ಹಾಕಿದ್ದೀಯಾ, ಮಗುಚಿದ್ದೀಯಾ, ಮುಚ್ಚಿದ್ದೀಯಾ ಎಂದು ಪರಕೀಯನನ್ನು ಕೇಳುವಂತೆ ಒಂದೊಂದಾಗಿ ಕೇಳಿ ಬರೆದುಕೊಂಡರು. ಆಮೇಲೆ ಕೋಲು ಚುಚ್ಚಿ ಎಳೆದು, ಬಗ್ಗಿ, ಉಸಿರೆಳೆದರು. ಕೆಮ್ಮಿದರು. ಕಣ್ಣಿಂದ ನೀರು ಇಳಿಯಿತು. ಸೆರಗಿನಿಂದ ಒರೆಸಿಕೊಂಡು, "ಹಾಂ, ಈಗ ಸರಿಯಿದೆ," ಎಂದರು. ಅವರ ಕಣ್ಣೀರು ನೋಡಿ ನನಗೆ ಅಷ್ಟು ಸಂತೋಷ ಆಗುತ್ತದೆಂದು ನಾನು ಎಣಿಸಿರಲಿಲ್ಲ.

ಈ ಸಲದ ನಷ್ಟ ನೂರಕ್ಕೆ ನಮ್ಮದು ನಲವತ್ತನಾಲ್ಕು, ಅವರದು ನಲವತ್ತು. ಆ ನಾಲ್ಕರ ಅಂತರಕ್ಕೆ ನಮ್ಮ ಬಿಸಿಲು ಕಾರಣವಂತೆ, ನಾವಲ್ಲ. ಕೊನೆಯ ಅಂಕಿಯನ್ನು ಅತ್ತಿಗೆ ತಮ್ಮ ಕೈಯಲ್ಲೇ ಬರೆದಾಗ ನಿವೃತ್ತಿಗೆ ಆರು ದಿನ ಬಾಕಿ ಇತ್ತು. ಗಡ್ಡದಣ್ಣ ಪರದೆಯ ಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದ.

ಲೇಖನ ಅಚ್ಚಾಗಿ ಬಂದದ್ದು ಏಳು ತಿಂಗಳ ಮೇಲೆ. ಆ ಭಾನುವಾರ ಎರಡೂ ಮನೆಯವರು ಅಣ್ಣನ ಮನೆಯಲ್ಲಿ ಸೇರಿದೆವು. ಮಕ್ಕಳು ದೊಡ್ಡದೊಂದು ಕೇಕ್ ತಂದಿದ್ದರು. ಫ್ರಿಜ್ಜಿನ ಬಾಗಿಲಿನಲ್ಲಿ ಕ್ಯಾಲೆಂಡರ್ ಇರಲಿಲ್ಲ. ಅದರ ಜಾಗದಲ್ಲಿ ಲೇಖನದ ಮೊದಲ ಪುಟ. ಬರೆದವರ ಸಾಲಿನಲ್ಲಿ ಮೂರನೆಯ ಹೆಸರು ನಮ್ಮ ಅತ್ತಿಗೆಯದು, ನಾಲ್ಕನೆಯದು ಗಡ್ಡದಣ್ಣನದು. ಅಣ್ಣ ಬಂದವರಿಗೆಲ್ಲ ತಣ್ಣೀರು ಬೇಕಾ ಎಂದು ಕೇಳುತ್ತಾ, ಆ ನೆಪದಲ್ಲಿ ಅವರನ್ನು ಫ್ರಿಜ್ಜಿನ ಮುಂದೆ ಕರೆದೊಯ್ಯುತ್ತಿದ್ದ.

ಉಳಿದ ಪುಟಗಳನ್ನು ನನ್ನ ಮಗಳು ಓದಿ ಅರ್ಥ ಹೇಳುತ್ತಿದ್ದಳು. ಮೊದಲ ಸುತ್ತಿನ ಅಂಕಿಗಳನ್ನು ಬಿಸಾಡದೆ ಬೇರೆ ಕೋಷ್ಟಕದಲ್ಲಿ ಕೊಟ್ಟಿದ್ದರು. ಸುಣ್ಣ ಬೆರೆತರೆ ಎಷ್ಟು ನಷ್ಟ, ಹೊದಿಕೆ ಹಾಕಿದರೆ ಎಷ್ಟು ಉಳಿತಾಯ ಎಂದು ತೋರಿಸಲು ಅದು ಉಪಯೋಗಕ್ಕೆ ಬಂದಿತ್ತು. ನಮ್ಮ ಬಗ್ಗೆ ಏನು ಬರೆದಿದ್ದಾರೋ ಎಂದು ನಾನು ಕುರ್ಚಿ ಹತ್ತಿರ ಎಳೆದುಕೊಂಡು ಕೇಳಿದೆ. ಶೆಡ್ಡಿನವರ ಅಜ್ಞಾನ ಎಂದಿರಬಹುದು, ಹಾಗೆ ಬರೆದರೂ ತಪ್ಪೇನಿಲ್ಲ. ಕೋಷ್ಟಕದ ಕೆಳಗೆ ಒಂದೇ ಸಾಲು ಇತ್ತು. ಮೊದಲ ಸುತ್ತಿನಲ್ಲಿ ವಾಸನೆ ಅಸಹಜವಾಗಿ ಕಡಿಮೆ ಇದ್ದುದನ್ನು ಮಾದರಿ ತೆಗೆದವರು ಗಮನಿಸಿದ್ದರು, ಆದರೆ ಕಾರಣವನ್ನು ವಿಚಾರಿಸಲಿಲ್ಲ, ಈ ಲೋಪ ಮಾದರಿ ತೆಗೆದವರದು. ಆವರಣದಲ್ಲಿ ಅತ್ತಿಗೆಯ ಹೆಸರಿನ ಮೊದಲ ಅಕ್ಷರಗಳು.

ಮೇಡಂ ಬೇಡವೆಂದರೂ ಆ ಸಾಲನ್ನು ಅವರೇ ಬರೆಸಿದ್ದು ಎಂದು ಅಣ್ಣ ಹೇಳಿದ. ನಾನು ಅಡುಗೆಮನೆಗೆ ಹೋದೆ. ಅತ್ತಿಗೆ ಕೇಕಿನ ಮುಂದೆ ಚಾಕು ಹಿಡಿದು ನಿಂತಿದ್ದರು, ಪಕ್ಕದಲ್ಲಿ ತಕ್ಕಡಿ.

"ತಪ್ಪು ನಂದಲ್ವಾ ಅತ್ತಿಗೆ. ಯಾಕೆ ಹಾಗೆ ಬರೆಸಿದ್ರಿ?"

"ನನ್ನ ಮೂಗು ಆವತ್ತೇ ಹೇಳಿತ್ತು, ಏನೋ ಸರಿಯಿಲ್ಲ ಅಂತ. ಮೊದಲು ಬೇರೆ ಯಾರ ಶೆಡ್ಡಿಗೆ ಹೋಗಿದ್ರೂ ಕೇಳ್ತಿದ್ದೆ. ನಿನ್ನ ಮುಖ ನೋಡ್ದೆ, ಅಷ್ಟು ಖುಷಿಯಾಗಿದ್ದೆ ನೀನು. ಕೇಳೋಕೆ ಮನಸ್ಸಾಗ್ಲಿಲ್ಲ. ನಿನ್ನನ್ನ ಕೇಳ್ದೆ ಬಿಟ್ಟ ಮೇಲೆ ಉಳಿದವರನ್ನ ಯಾವ ಬಾಯಲ್ಲಿ ಕೇಳ್ಲಿ," ಎಂದರು ಅತ್ತಿಗೆ. "ಮೂವತ್ತೊಂದು ವರ್ಷದಲ್ಲಿ ಅಳೀದೆ ನಂಬಿದ್ದು ಅದೊಂದೇ."

ನನ್ನ ಕಣ್ಣು ಉರಿಯತೊಡಗಿತು. ಆ ಅಡುಗೆಮನೆಯಲ್ಲಿ ಗೊಬ್ಬರವಿರಲಿಲ್ಲ, ಹಾಗಾಗಿ ಹೇಳಿಕೊಳ್ಳಲು ನೆಪವೂ ಇರಲಿಲ್ಲ. ಅತ್ತಿಗೆ ನೋಡಿದರೂ ನೋಡದವರಂತೆ ಎಲ್ಲರ ತುಂಡುಗಳನ್ನೂ ಒಂದೊಂದಾಗಿ ತೂಗಿ ತಟ್ಟೆಗೆ ಹಾಕಿದರು. ನನ್ನದನ್ನು ಮಾತ್ರ ತೂಗದೆ, ಕಣ್ಣಂದಾಜಿನಲ್ಲಿ ಕತ್ತರಿಸಿ ಕೈಗೆ ಕೊಟ್ಟು ಹೊರಗೆ ಹೋದರು. ಅವರು ಆಚೆ ಹೋದ ಮೇಲೆ ತಕ್ಕಡಿಯ ಮೇಲೆ ಇಟ್ಟು ನೋಡಿದೆ. ಉಳಿದವರದಕ್ಕಿಂತ ನಲವತ್ತು ಗ್ರಾಂ ಹೆಚ್ಚಿತ್ತು.